ಮರುಭೂಮಿಯ ಹೊಳೆ ಇಳಿದ ಒಂಟಿಗೈ ಮೇಷ್ಟ್ರು

ಮರುಭೂಮಿಯಲ್ಲಿ ದೋಣಿ ನಡೆಸಿದರೆಂದರೆ ಕೇಳಿದವರು ನಗಬಹುದು. ನೀರೇ ಇಲ್ಲದ ಕಡೆ ದೋಣಿಗೇನು ಕೆಲಸ? ಆದರೆ ಜಗತ್ತಿನ ಕೆಲವು ದೊಡ್ಡ ನದಿಗಳು ಮರುಭೂಮಿಯ ನಡುವೆಯೇ ಹರಿಯುತ್ತವೆ. ಈಜಿಪ್ಟಿನ ನೈಲ್ ಅಂಥದು; ಅಮೆರಿಕದ ಕೊಲೊರಾಡೊ ಅಂಥದು. ಇವು ತಾವು ಹರಿಯುವ ಸೀಮೆಯ ಮಳೆಯನ್ನು ನಂಬಿದ ನದಿಗಳಲ್ಲ. ದೂರದ ಬೆಟ್ಟಗಳ ನೀರನ್ನು ಹೊತ್ತು ತರುವ ನದಿಗಳು. ಕೊಲೊರಾಡೊ ನದಿಗೆ ರಾಕಿ ಪರ್ವತಗಳ ಹಿಮವೇ ಆಧಾರ. ಮೇ, ಜೂನ್ ತಿಂಗಳುಗಳಲ್ಲಿ ಹಿಮ ಕರಗಿ ನದಿ ಉಕ್ಕುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಬರುವ ಹೊತ್ತಿಗೆ ನೀರು ಇಳಿದು ಬಂಡೆಗಳು ತಲೆ ಎತ್ತುತ್ತವೆ. ನಮ್ಮ ಹಗರಿಯಲ್ಲಿ ಮಳೆಗಾಲ ಕಳೆದ ಮೇಲೆ ನೀರಿಗಿಂತ ಮರಳೇ ಹೆಚ್ಚಾಗಿ ಕಾಣುವುದನ್ನು ಬಲ್ಲ ನಮಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಈ ಕೊಲೊರಾಡೊ ನದಿಯನ್ನೂ ಅದರ ಮೇಲ್ಭಾಗದ ಗ್ರೀನ್ ನದಿಯನ್ನೂ ಒಂದೇ ಕೈಯಿದ್ದ ಒಬ್ಬ ಶಾಲಾ ಉಪಾಧ್ಯಾಯನು ಎರಡು ಸಲ ದೋಣಿಯಲ್ಲಿ ಇಳಿದನು. ಒಮ್ಮೆ ತುಂಬು ಹೊಳೆಯಲ್ಲಿ ಹೊರಟನು. ಇನ್ನೊಮ್ಮೆ ತಂಪು ಕಾಲದ ತೆಳುನೀರಿನಲ್ಲಿ ಬಂಡೆಗಳೊಡನೆ ಹೆಣಗಿದನು. ಹೊಳೆಯಿಂದ ಕಲಿತ ಪಾಠವನ್ನು ತನ್ನ ದೇಶಕ್ಕೆ ಹೇಳಹೋದಾಗ ಜನ ಅವನನ್ನು ಕೂಗಿ ಕೂರಿಸಿದರು. ಅವನೇ ಜಾನ್ ವೆಸ್ಲಿ ಪೊವೆಲ್. ಮಳೆ ಕಡಿಮೆಯಾದ ಸೀಮೆಯ ಮಕ್ಕಳಾದ ನಾವು ಅವನ ಚರಿತ್ರೆಯನ್ನು ತಿಳಿಯುವುದು ಒಳ್ಳೆಯದು.

ಬಾಲ್ಯ ಮತ್ತು ವಿದ್ಯೆ

ಪೊವೆಲ್ ಹುಟ್ಟಿದ್ದು 1834ನೆಯ ಇಸವಿ ಮಾರ್ಚ್ 24ರಂದು, ನ್ಯೂಯಾರ್ಕ್ ಸಂಸ್ಥಾನದ ಮೌಂಟ್ ಮಾರಿಸ್ ಎಂಬ ಊರಿನಲ್ಲಿ. ತಂದೆತಾಯಿಗಳು ಇಂಗ್ಲೆಂಡಿನಿಂದ ಬಂದು ನೆಲೆಸಿದವರು. ತಂದೆ ಜೋಸೆಫ್ ಬಟ್ಟೆ ಹೊಲಿಯುವ ಕಸುಬಿನವನು, ಜೊತೆಗೆ ಧರ್ಮಬೋಧಕ. ಮಗನೂ ಬೋಧಕನಾಗಲಿ ಎಂದು ಅವನ ಆಸೆ. ಸಂಸಾರ ಒಂದೇ ಊರಿನಲ್ಲಿ ನಿಲ್ಲಲಿಲ್ಲ. ಓಹಾಯೊ, ವಿಸ್ಕಾನ್ಸಿನ್, ಇಲಿನಾಯ್ ಎಂದು ಪಶ್ಚಿಮದ ಕಡೆಗೆ ಸರಿಯುತ್ತಲೇ ಹೋಯಿತು.

ಆ ಕಾಲದಲ್ಲಿ ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಮನುಷ್ಯರನ್ನು ಗುಲಾಮರಾಗಿ ಕೊಂಡು ಮಾರುತ್ತಿದ್ದರು. ಜೋಸೆಫ್ ಇದನ್ನು ಬಹಿರಂಗವಾಗಿ ಖಂಡಿಸುತ್ತಿದ್ದನು. ಓಹಾಯೊದ ಜಾಕ್ಸನ್ ಎಂಬ ಊರಿನಲ್ಲಿ ಅದಕ್ಕಾಗಿ ಅವನ ಮೇಲೆ ಜನರಿಗೆ ಸಿಟ್ಟು ಬಂದಿತು. ತಂದೆಯ ಮೇಲಿನ ಸಿಟ್ಟನ್ನು ಮಗನ ಮೇಲೆ ತೀರಿಸಿಕೊಂಡು, ಶಾಲೆಯ ಹುಡುಗರು ಬಾಲಕ ಪೊವೆಲನಿಗೆ ಕಲ್ಲು ಹೊಡೆದರು. ಶಾಲೆ ಬಿಡಬೇಕಾಯಿತು. ಆಗ ಅವನ ಕೈಹಿಡಿದವನು ನೆರೆಯ ಜಾರ್ಜ್ ಕ್ರೂಕಮ್ ಎಂಬ ವಿದ್ವಾಂಸ. ಆತನು ಹುಡುಗನನ್ನು ಗುಡ್ಡಗಾಡುಗಳಿಗೆ ಕರೆದೊಯ್ದು ಗಿಡ, ಕಲ್ಲು, ಹುಳ, ಹಕ್ಕಿಗಳನ್ನು ತೋರಿಸಿ ಪಾಠ ಹೇಳಿದನು. ನೋಡಿ ಕಲಿಯುವ ಅಭ್ಯಾಸ ಪೊವೆಲನಿಗೆ ಅಲ್ಲಿಂದ ಬಂದಿತು, ಸಾಯುವವರೆಗೂ ಬಿಡಲಿಲ್ಲ.

ಹನ್ನೆರಡು ವರ್ಷದವನಾದಾಗ ಹೊಲದ ಕೆಲಸವೆಲ್ಲ ಅವನ ಹೆಗಲಿಗೆ ಬಿತ್ತು. ತಂದೆ ಬೋಧನೆಗಾಗಿ ಊರೂರು ತಿರುಗುತ್ತಿದ್ದನು. ಹುಡುಗ ಹಗಲು ಉಳುತ್ತ, ರಾತ್ರಿ ಓದುತ್ತ ಬೆಳೆದನು. ಹದಿನೆಂಟನೆಯ ವಯಸ್ಸಿಗೆ ತಿಂಗಳಿಗೆ 14 ಡಾಲರ್ ಸಂಬಳದ ಹಳ್ಳಿಯ ಶಾಲೆಯ ಮೇಷ್ಟ್ರಾದನು. ಕೈಯಲ್ಲಿ ಹಣವಿದ್ದಾಗ ಕಾಲೇಜು, ಹಣ ಮುಗಿದಾಗ ಮತ್ತೆ ಶಾಲೆ. ಹೀಗೆ ಮೂರು ಕಾಲೇಜುಗಳಲ್ಲಿ ಓದಿದರೂ ಪದವಿ ಮಾತ್ರ ಕೈಗೆ ಸಿಗಲಿಲ್ಲ. ರಜೆ ಬಂದರೆ ಒಂಟಿಯಾಗಿ ದೋಣಿ ಹತ್ತುತ್ತಿದ್ದನು. 1856ರಲ್ಲಿ ಮಿಸಿಸಿಪ್ಪಿ ನದಿಯಲ್ಲಿ ಸಮುದ್ರದವರೆಗೆ ಹುಟ್ಟು ಹಾಕಿಕೊಂಡು ಹೋದನು. ಮರುವರ್ಷ ಓಹಾಯೊ ನದಿಯನ್ನು ಇಳಿದನು. ದಾರಿಯುದ್ದಕ್ಕೂ ಕಪ್ಪೆಚಿಪ್ಪು, ಶಂಖಗಳನ್ನು ಕೂಡಿಹಾಕಿ ಹೆಸರು ಗುರುತಿಸುವುದೇ ಅವನ ಸಂತೋಷ.

ಕೈ ಹೋದರೂ ಕೆಲಸ ನಿಲ್ಲಲಿಲ್ಲ

1861ರಲ್ಲಿ ಅಮೆರಿಕದ ಉತ್ತರ ಮತ್ತು ದಕ್ಷಿಣ ಸಂಸ್ಥಾನಗಳ ನಡುವೆ ಅಂತರ್ಯುದ್ಧ ಹೊತ್ತಿಕೊಂಡಿತು. ಗುಲಾಮಗಿರಿಯನ್ನು ವಿರೋಧಿಸುತ್ತಿದ್ದ ಪೊವೆಲ್ ಸಾಮಾನ್ಯ ಸಿಪಾಯಿಯಾಗಿ ಉತ್ತರದ ಸೈನ್ಯ ಸೇರಿದನು. ಅದೇ ವರ್ಷ ತನ್ನ ಸೋದರಸಂಬಂಧಿ ಎಮ್ಮಾ ಡೀನಳನ್ನು ಮದುವೆಯಾದನು. 1862ರ ಏಪ್ರಿಲ್ 6ರಂದು ಶೈಲೋ ಎಂಬಲ್ಲಿ ಘೋರ ಕಾಳಗ ನಡೆಯಿತು. ಫಿರಂಗಿ ಹಾರಿಸಲು ಸನ್ನೆ ಮಾಡಲೆಂದು ಪೊವೆಲ್ ಬಲಗೈ ಎತ್ತಿದಾಗ ಗುಂಡು ಬಂದು ತಗುಲಿತು. ವೈದ್ಯರು ಮೊಣಕೈಯ ಕೆಳಗೆ ಕೈಯನ್ನು ಕತ್ತರಿಸಿ ತೆಗೆಯಬೇಕಾಯಿತು. ಉಳಿದ ತುಂಡಿನ ನೋವು ಅವನನ್ನು ಬದುಕಿಡೀ ಕಾಡಿತು. ಆದರೂ ಗಾಯ ಮಾಯುತ್ತಲೇ ಅವನು ಸೈನ್ಯಕ್ಕೆ ಮರಳಿದನು. ಯುದ್ಧದ ಕೊನೆಯಲ್ಲಿ ಮೇಜರ್ ಎನಿಸಿಕೊಂಡನು.

ಯುದ್ಧ ಮುಗಿದ ಮೇಲೆ ಇಲಿನಾಯಿಯ ಕಾಲೇಜಿನಲ್ಲಿ ಭೂವಿಜ್ಞಾನದ ಅಧ್ಯಾಪಕನಾದನು. ಕಲ್ಲಿನ ಪಾಠವನ್ನು ಹಲಗೆಯ ಮೇಲೆ ಬರೆದು ಹೇಳುವುದು ಅವನಿಗೆ ಒಪ್ಪದು. 1867 ಮತ್ತು 1868ರಲ್ಲಿ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ರಾಕಿ ಪರ್ವತಗಳಿಗೆ ಹೋದನು. ಎಮ್ಮಾ ಕೂಡ ಜೊತೆಗೆ ಬಂದು ಸುಮಾರು 14,000 ಅಡಿ ಎತ್ತರದ ಪೈಕ್ಸ್ ಶಿಖರವನ್ನು ಹತ್ತಿದಳು. ಮುಂದಿನ ಚಳಿಗಾಲವನ್ನು ಪೊವೆಲ್ ಯೂಟ್ ಎಂಬ ಮೂಲನಿವಾಸಿಗಳ ನೆರೆಯಲ್ಲಿ ಕಳೆದು ಅವರ ನುಡಿಯನ್ನು ಕಲಿಯತೊಡಗಿದನು. ಅಲ್ಲಿಂದ ಕೆಳಗೆ ನೋಡಿದರೆ ನದಿಗಳು ಕೆಂಪು ಕಲ್ಲಿನ ಆಳವಾದ ಕಮರಿಗಳಲ್ಲಿ ಇಳಿದು ಮಾಯವಾಗುತ್ತಿದ್ದವು. ಅಮೆರಿಕದ ನಕ್ಷೆಯಲ್ಲಿ ಆ ಭಾಗ ಬರಿದಾಗಿತ್ತು. ಅದನ್ನು ತುಂಬಬೇಕೆಂದು ಅವನು ನಿಶ್ಚಯಿಸಿದನು.

1869ರ ಯಾನ

1869ರ ಮೇ 24ರಂದು ವಯೋಮಿಂಗ್ ಪ್ರಾಂತದ ಗ್ರೀನ್ ರಿವರ್ ಊರಿನಿಂದ 10 ಜನ ನಾಲ್ಕು ದೋಣಿಗಳಲ್ಲಿ ಹೊರಟರು. ದೋಣಿಗಳನ್ನು ಷಿಕಾಗೋದಲ್ಲಿ ಕಟ್ಟಿಸಿ ರೈಲಿನಲ್ಲಿ ತಂದಿದ್ದರು. ಮೂರು ದೋಣಿಗಳು ಓಕ್ ಮರದವು, 21 ಅಡಿ ಉದ್ದ. ಮುಂದೆ ಹೋಗುವ ನಾಲ್ಕನೆಯದು ಪೈನ್ ಮರದ್ದು, 16 ಅಡಿ. ಅದಕ್ಕೆ ಪೊವೆಲ್ ತನ್ನ ಹೆಂಡತಿಯ ಹೆಸರನ್ನೇ ಇಟ್ಟಿದ್ದನು. 10 ತಿಂಗಳಿಗೆ ಸಾಕಾಗುವಷ್ಟು ದಿನಸಿ ಜೊತೆಗಿತ್ತು. ಹುಟ್ಟು ಹಾಕುವವರು ನೀರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂಡುತ್ತಿದ್ದರು. ಪೊವೆಲ್ ಮುಂದೆ ನಿಂತು ಸನ್ನೆ ಮಾಡುತ್ತಿದ್ದನು.

ನದಿಯ ಮಟ್ಟ ಒಮ್ಮೆಗೇ ಇಳಿಯುವ ಕಡೆ ನೀರು ಬಂಡೆಗಳ ನಡುವೆ ನುಗ್ಗಿ ನೊರೆಗರೆದು ಧುಮುಕುತ್ತದೆ. ಇಂಥ ಸೆಳವುಗಳು ಆ ದಾರಿಯಲ್ಲಿ ನೂರಾರು. ಸಾಧ್ಯವಾದಲ್ಲಿ ದೋಣಿ ಓಡಿಸುವುದು. ಆಗದ ಕಡೆ ದೋಣಿಗೆ ಹಗ್ಗ ಕಟ್ಟಿ ದಡದ ಮೇಲಿಂದ ಮೆಲ್ಲಗೆ ಇಳಿಬಿಡುವುದು. ಅದೂ ಆಗದಿದ್ದರೆ ಸಾಮಾನು, ದೋಣಿ ಎಲ್ಲವನ್ನೂ ಬಂಡೆಗಳ ಮೇಲೆ ಹೊತ್ತು ಸಾಗಿಸುವುದು. ಎರಡು ವಾರ ಕಳೆಯುವಷ್ಟರಲ್ಲಿ ಒಂದು ದೋಣಿ ಬಂಡೆಗೆ ಬಡಿದು ನುಚ್ಚುನೂರಾಯಿತು. ಅದರಲ್ಲಿದ್ದ ಮೂವರು ಬದುಕಿ ಉಳಿದರು; ಆದರೆ ದಿನಸಿಯ ದೊಡ್ಡ ಪಾಲು ನೀರುಪಾಲಾಯಿತು. ಪೊವೆಲನ ಚಿಂತೆಯೆಲ್ಲ ಆ ದೋಣಿಯಲ್ಲಿದ್ದ ವಾಯುಭಾರಮಾಪಕಗಳ ಮೇಲೆ. ಅವಿಲ್ಲದೆ ಸ್ಥಳದ ಎತ್ತರ ಅಳೆಯುವುದು ಹೇಗೆ? ಮುರಿದ ದೋಣಿಯ ತುಂಡೊಂದರಲ್ಲಿ ಅವು ಸಿಕ್ಕಿದಾಗ ಅವನಿಗೆ ಆದ ಹಿಗ್ಗು ಅಷ್ಟಿಷ್ಟಲ್ಲ.

ಒಂದೇ ಕೈಯಿದ್ದರೂ ಅವನು ಎತ್ತರ ಅಳೆಯಲು ಕಡಿದಾದ ಬಂಡೆಗಳನ್ನು ಹತ್ತುತ್ತಿದ್ದನು. ಒಮ್ಮೆ ಮುಂದಕ್ಕೂ ಹೋಗಲಾಗದೆ, ಹಿಂದಕ್ಕೂ ಇಳಿಯಲಾಗದೆ ತುದಿಗಾಲಲ್ಲಿ ಬಂಡೆಗೆ ಅಂಟಿಕೊಂಡು ನಿಂತನು. ಮೇಲೆ ಇದ್ದ ಜೊತೆಗಾರ ಬ್ರಾಡ್ಲಿಯ ಬಳಿ ಹಗ್ಗವಿರಲಿಲ್ಲ. ಅವನು ತಾನು ತೊಟ್ಟಿದ್ದ ಉದ್ದ ಚಡ್ಡಿಯನ್ನೇ ಬಿಚ್ಚಿ ಇಳಿಬಿಟ್ಟನು. ಪೊವೆಲ್ ಹಿಡಿದಿದ್ದ ಕಲ್ಲನ್ನು ಬಿಟ್ಟು, ಬೀಳುವುದರೊಳಗೆ ಅದನ್ನು ಹಿಡಿದುಕೊಂಡು ಮೇಲೆ ಬಂದನು. ಕೇಳುವುದಕ್ಕೆ ನಗು ತರಿಸುವ ಸಂಗತಿಯಾದರೂ ಒಂದು ಪ್ರಾಣ ಉಳಿದದ್ದು ಹಾಗೆ.

ಜುಲೈ, ಆಗಸ್ಟ್ ಕಳೆದಂತೆ ಹಿಟ್ಟು ನೆನೆದು ಗಂಟಾಯಿತು, ಮಾಂಸ ಕೆಟ್ಟಿತು. ಸೊಳ್ಳೆಪರದೆಯಲ್ಲಿ ಹಿಟ್ಟನ್ನು ಜರಡಿ ಹಿಡಿದು ರೊಟ್ಟಿ ಮಾಡಿಕೊಂಡರು. ಕೊನೆಗೆ ಉಳಿದದ್ದು ಸ್ವಲ್ಪ ಹಿಟ್ಟು, ಒಣಗಿದ ಸೇಬು ಮತ್ತು ಕಾಫಿ. ಈ ಸ್ಥಿತಿಯಲ್ಲೇ ಒಂದು ಮೈಲಿಗೂ ಹೆಚ್ಚು ಆಳದ ಗ್ರ್ಯಾಂಡ್ ಕಮರಿಯನ್ನು ಹೊಕ್ಕರು. ಆಗಸ್ಟ್ 27ರಂದು ಎದುರಾದ ಸೆಳವು ಎಲ್ಲಕ್ಕಿಂತ ಭಯಂಕರವಾಗಿ ಕಂಡಿತು. ಹೌಲೆಂಡ್ ಸೋದರರಿಬ್ಬರೂ ವಿಲಿಯಂ ಡನ್ನನೂ ಇನ್ನು ನದಿಯಲ್ಲಿ ಬರಲಾರೆವೆಂದರು. ಪೊವೆಲ್ ರಾತ್ರಿಯೆಲ್ಲ ನಿದ್ರೆಯಿಲ್ಲದೆ ಮರಳಿನ ಮೇಲೆ ಅತ್ತಿಂದಿತ್ತ ನಡೆದಾಡಿದನು. ಬೆಳಿಗ್ಗೆ ಮೂವರೂ ಬೀಳ್ಕೊಂಡು ಕಮರಿಯನ್ನು ಹತ್ತಿ ಹೋದರು. ಉಳಿದ ಆರು ಜನ ಎರಡು ದೋಣಿಗಳಲ್ಲಿ ಆ ಸೆಳವನ್ನು ದಾಟಿಯೇಬಿಟ್ಟರು. ಎರಡೇ ದಿನಗಳಲ್ಲಿ, ಆಗಸ್ಟ್ 30ರಂದು, ವರ್ಜಿನ್ ನದಿ ಕೂಡುವಲ್ಲಿ ಜನರ ಮುಖ ಕಂಡರು.

ಅಲ್ಲಿದ್ದವರಿಗೆ ಬಂದಿದ್ದ ಅಪ್ಪಣೆಯೇನು ಗೊತ್ತೆ? ಪೊವೆಲನ ತಂಡದ ಮುರಿದ ಹಲಗೆಗಳು ತೇಲಿಬಂದರೆ ಹಿಡಿದಿಡಬೇಕೆಂಬುದು! ಎಲ್ಲರೂ ಮುಳುಗಿ ಸತ್ತರೆಂದು ಒಬ್ಬ ಕಪಟಿ ಪತ್ರಿಕೆಗಳಲ್ಲಿ ಕತೆ ಕಟ್ಟಿದ್ದನು. ಎಮ್ಮಾ ಮಾತ್ರ ಅದನ್ನು ನಂಬದೆ, ಅವನ ಮಾತಿನ ತಪ್ಪುಗಳನ್ನು ಎತ್ತಿ ತೋರಿಸಿದ್ದಳು. ವಿಧಿಯ ಆಟವೆಂದರೆ, ನದಿಗೆ ಹೆದರಿ ಬೆಟ್ಟ ಹತ್ತಿದ ಮೂವರು ಮಾತ್ರ ಮತ್ತೆ ಬರಲಿಲ್ಲ, ಅವರ ಕೊಲೆಯಾಯಿತು. ಮರುವರ್ಷ ಪೊವೆಲ್ ಶಿವ್‌ವಿಟ್ಸ್ ಎಂಬ ಮೂಲನಿವಾಸಿಗಳ ನಡುವೆ ಹೋಗಿ ವಿಚಾರಿಸಿದನು. ಬೇರೆ ಯಾರೋ ಬಿಳಿಯರು ತಮ್ಮ ಹೆಂಗಸೊಬ್ಬಳಿಗೆ ಮಾಡಿದ ಅನ್ಯಾಯಕ್ಕಾಗಿ ತಪ್ಪು ತಿಳಿದು ಕೊಂದೆವೆಂದು ಅವರು ಒಪ್ಪಿಕೊಂಡಂತೆ ಅವನು ಬರೆದಿದ್ದಾನೆ. ಮುಂದಿನ ಕೆಲವು ಚರಿತ್ರಕಾರರು ಇದನ್ನು ಪೂರ್ತಿ ನಂಬುವುದಿಲ್ಲ. ಪೊವೆಲ್ ಸೇಡಿನ ಮಾತಾಡಲಿಲ್ಲ. ಅದೇ ಜನರ ನಡುವೆ ರಾತ್ರಿ ನಿಶ್ಚಿಂತೆಯಿಂದ ಮಲಗಿದನು.

ತಂಪು ಕಾಲ, ತೆಳುನೀರು

ಮೊದಲ ಯಾನದಲ್ಲಿ ಜೀವ ಉಳಿಸಿಕೊಳ್ಳುವುದೇ ಕೆಲಸವಾಗಿತ್ತು. ಅಳತೆ, ಬರಹಗಳಿಗೆ ಬಿಡುವಿರಲಿಲ್ಲ. ಆದ್ದರಿಂದ 1871ರ ಮೇ 22ರಂದು ಪೊವೆಲ್ ಮೂರು ದೋಣಿಗಳಲ್ಲಿ ಮತ್ತೆ ಹೊರಟನು. ಈ ಸಲ ನಕ್ಷೆ ತೆಗೆಯಲು ಅವನ ಭಾವ ಥಾಮ್ಸನ್, ಜೊತೆಗೆ ಛಾಯಾಚಿತ್ರಗಾರ, ಚಿತ್ರ ಬರೆಯಲು ಡೆಲೆನ್‌ಬಾ ಎಂಬ ಹದಿನೇಳರ ಹುಡುಗ. ಪೊವೆಲನ ದೋಣಿಯ ನಡುವೆ ಒಂದು ಕೈಕುರ್ಚಿಯನ್ನು ಬಿಗಿದಿದ್ದರು. ಅದರ ಮೇಲೆ ಕುಳಿತು ಅವನು ಮುಂದಿನ ನೀರನ್ನು ನೋಡುತ್ತಿದ್ದನು. ಹೊಳೆ ಶಾಂತವಾಗಿದ್ದಾಗ ವಾಲ್ಟರ್ ಸ್ಕಾಟನ ಕಾವ್ಯವನ್ನು ಗಟ್ಟಿಯಾಗಿ ಓದುತ್ತಿದ್ದನು.

ಅಳೆಯುತ್ತ, ಬರೆಯುತ್ತ, ನಿಧಾನವಾಗಿ ಸಾಗಿದ ಕಾರಣ ಕ್ಯಾಟರಾಕ್ಟ್ ಎಂಬ ಕಮರಿಗೆ ಬರುವ ಹೊತ್ತಿಗೆ ಸೆಪ್ಟೆಂಬರ್ ಬಂದಿತ್ತು. ಹಿಮದ ನೀರು ಹರಿದುಹೋಗಿ ನದಿ ಸಣ್ಣಗಾಗಿತ್ತು. ನೀರು ಕಡಿಮೆಯಾದರೆ ಕಷ್ಟವೂ ಕಡಿಮೆಯೆಂದು ನಾವು ಭಾವಿಸುತ್ತೇವೆ. ಹಾಗಲ್ಲ. ತುಂಬು ಹೊಳೆಯಲ್ಲಿ ಅಲೆ ದೊಡ್ಡದು, ಸುಳಿ ದೊಡ್ಡದು. ದೋಣಿ ಮಗುಚುವ ಭಯ. ಆದರೆ ಬಂಡೆಗಳ ಮೇಲೆ ಸಾಕಷ್ಟು ನೀರಿರುತ್ತದೆ. ತೆಳುನೀರಿನಲ್ಲಿ ಅಲೆ ಸಣ್ಣದಾದರೂ ಬಂಡೆಗಳೆಲ್ಲ ಹೊರಗೆ ಬಂದು ದಾರಿ ಇಕ್ಕಟ್ಟಾಗುತ್ತದೆ. ದೋಣಿ ಹೆಜ್ಜೆಹೆಜ್ಜೆಗೂ ಕಲ್ಲಿಗೆ ತಗುಲುತ್ತದೆ, ಸಿಕ್ಕಿಕೊಳ್ಳುತ್ತದೆ, ತಳ ಸವೆಯುತ್ತದೆ. ಆಗ ಜನ ನೀರಿಗಿಳಿದು ಎತ್ತಿ ನೂಕಬೇಕು. ಪೊವೆಲನ ಸಂಗಡಿಗರು ದಿನವಿಡೀ ತಣ್ಣೀರಿನಲ್ಲಿ ಸೊಂಟದವರೆಗೆ ನಿಂತು ದೋಣಿಗಳನ್ನು ಸಾಗಿಸಿದರು. ಆಳವಾದ ಕಮರಿಯ ತಳಕ್ಕೆ ಬಿಸಿಲು ಬೀಳುವುದು ಸ್ವಲ್ಪ ಹೊತ್ತು. ಒದ್ದೆ ಬಟ್ಟೆ ಆರುವುದಿಲ್ಲ. ಕಾಲಿನ ಗಾಯ ಮಾಯುವುದಿಲ್ಲ. ಇದರ ಮೇಲೆ ಛಾಯಾಚಿತ್ರದ ಗಾಜುಫಲಕಗಳ ಭಾರವಾದ ಪೆಟ್ಟಿಗೆಗಳನ್ನು ಬೆನ್ನ ಮೇಲೆ ಹೊತ್ತು ಬಂಡೆ ಹತ್ತಬೇಕು.

ದಿನಸಿಯೂ ತೀರುತ್ತ ಬಂದಿತು. ಸೆಪ್ಟೆಂಬರ್ ಕೊನೆಗೆ ಡರ್ಟಿ ಡೆವಿಲ್ ಎಂಬ ಉಪನದಿಯ ಬಳಿ ಒಂದು ದೋಣಿಯನ್ನು ಬಚ್ಚಿಟ್ಟು, ಉಳಿದ ಎರಡರಲ್ಲಿ ಗ್ಲೆನ್ ಎಂಬ ಕಮರಿಯನ್ನು ಇಳಿದರು. ಇದು ಸೆಳವುಗಳಿಲ್ಲದ ಶಾಂತ ದಾರಿ. ಅಕ್ಟೋಬರ್ ಮೊದಲ ವಾರದಲ್ಲಿ, ಮೊದಲೇ ಗೊತ್ತುಮಾಡಿದ್ದ ಕಡವಿನಲ್ಲಿ, ಕುದುರೆಗಳ ಮೇಲೆ ದಿನಸಿ ತಂದವರು ಕಾದಿದ್ದರು. ಆ ತಿಂಗಳು 23ರಂದು ದೋಣಿಗಳನ್ನು ಪಾರಿಯಾ ಎಂಬ ಹಳ್ಳದ ಬಾಯಿಯಲ್ಲಿ ಮರಳಿನ ಮೇಲೆಳೆದು ಆ ವರ್ಷದ ಯಾನವನ್ನು ಮುಗಿಸಿದರು. ಒಂದು ಪ್ರಾಣವೂ ಹೋಗಿರಲಿಲ್ಲ. ಮರುವರ್ಷ ಆಗಸ್ಟಿನಲ್ಲಿ ಮುಂದಕ್ಕೆ ಹೊರಟಾಗ ನದಿ ವಿಪರೀತ ಉಕ್ಕಿತ್ತು. ಪೊವೆಲನ ದೋಣಿಯೇ ಮಗುಚಿ ಅವನು ಸುಳಿಯಲ್ಲಿ ಸಿಕ್ಕಿದನು. ಹೇಗೋ ಪಾರಾದ ಮೇಲೆ, ಹಟ ಹಿಡಿಯದೆ, ಸೆಪ್ಟೆಂಬರ್ ಮೊದಲ ಭಾಗದಲ್ಲಿ ಕನಾಬ್ ಎಂಬ ಹಳ್ಳದ ಬಳಿ ನದಿಯನ್ನು ಬಿಟ್ಟನು. ಎಲ್ಲಿ ನಿಲ್ಲಬೇಕೆಂಬುದನ್ನು ತಿಳಿದವನೇ ನಾಯಕ.

ಎರಡೂ ಕಾಲದ ನದಿಯನ್ನು ಕಂಡಿದ್ದು ಪೊವೆಲನ ಮುಂದಿನ ಕೆಲಸಕ್ಕೆ ಬುನಾದಿಯಾಯಿತೆಂದು ನಮಗೆ ತೋರುತ್ತದೆ. ಉಕ್ಕಿದ ಹೊಳೆ ನೋಡಿದವನಿಗೆ ನೀರು ತೀರದೆನಿಸುತ್ತದೆ. ಇಳಿದ ಹೊಳೆ ನೋಡಿದವನಿಗೆ ಲೆಕ್ಕ ತಿಳಿಯುತ್ತದೆ.

ನೀರಿನ ಲೆಕ್ಕ

1878ರಲ್ಲಿ ಪೊವೆಲ್ ಒಣ ಪ್ರದೇಶಗಳ ಬಗೆಗೆ ಸರ್ಕಾರಕ್ಕೆ ಒಂದು ವರದಿ ಕೊಟ್ಟನು. ವರ್ಷಕ್ಕೆ 20 ಅಂಗುಲಕ್ಕಿಂತ ಕಡಿಮೆ ಮಳೆ ಬೀಳುವ ಕಡೆ ನೀರಾವರಿಯಿಲ್ಲದ ಬೇಸಾಯವನ್ನು ನಂಬಲಾಗದು. ಅಮೆರಿಕದ ಪಶ್ಚಿಮಾರ್ಧದ ಬಹುಭಾಗ ಅಂಥದೇ ಎಂದನು. ನಮ್ಮ ಅನಂತಪುರದ ಸೀಮೆಗೆ ಬೀಳುವ ಸರಾಸರಿ ಮಳೆ ಸುಮಾರು 22 ಅಂಗುಲವೆಂದರೆ ಈ ಗೆರೆಗೆ ನಾವು ಎಷ್ಟು ಹತ್ತಿರವೆಂದು ತಿಳಿಯುತ್ತದೆ. ಆಗ ಅಮೆರಿಕದ ಸರ್ಕಾರ ಒಕ್ಕಲು ಒಂದಕ್ಕೆ 160 ಎಕರೆಯಂತೆ ಎಲ್ಲ ಕಡೆಯೂ ಒಂದೇ ಅಳತೆಯಲ್ಲಿ ಭೂಮಿ ಹಂಚುತ್ತಿತ್ತು. ಇದು ತಪ್ಪೆಂದು ಪೊವೆಲ್ ವಾದಿಸಿದನು. ನೀರಾವರಿಯ ಹೊಲವಾದರೆ ಸಂಸಾರಕ್ಕೆ 80 ಎಕರೆ ಸಾಕು; ಬರೀ ದನ ಮೇಯುವ ನೆಲವಾದರೆ 2,560 ಎಕರೆ ಬೇಕು. ನೀರಿನ ಹಕ್ಕು ನೆಲವನ್ನು ಬಿಟ್ಟು ಬೇರೆಯವರ ಪಾಲಾಗಬಾರದು. ಒಂದೇ ಹಳ್ಳಕ್ಕೆ ನೀರು ಇಳಿಯುವ ಸೀಮೆಯ ರೈತರು ಒಟ್ಟುಗೂಡಿ ಆ ನೀರನ್ನು ತಾವೇ ಆಳಬೇಕು. ಅವನು ಅಣೆಕಟ್ಟಿನ ವೈರಿಯಲ್ಲ. ಅಳೆಯದೆ ಆಸೆ ಹುಟ್ಟಿಸುವುದರ ವೈರಿ.

ಮುಂದೆ 1881ರಿಂದ 1894ರವರೆಗೆ ಅವನು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ನಿರ್ದೇಶಕನಾಗಿದ್ದನು. 1879ರಿಂದ ಸಾಯುವವರೆಗೆ ಮೂಲನಿವಾಸಿಗಳ ನುಡಿ, ನಡೆ, ಕತೆಗಳನ್ನು ಸಂಗ್ರಹಿಸುವ ಸರ್ಕಾರಿ ಸಂಸ್ಥೆಯನ್ನೂ ನಡೆಸಿದನು. 1888ರ ಚಳಿಗಾಲದಲ್ಲಿ ಅವನ ಇಲಾಖೆ ಒಂದಷ್ಟು ಯುವಕರನ್ನು ನ್ಯೂ ಮೆಕ್ಸಿಕೋದ ಎಂಬುಡೊ ಎಂಬಲ್ಲಿ ರಿಯೊ ಗ್ರ್ಯಾಂಡ್ ನದಿಯ ದಡಕ್ಕೆ ಕಳಿಸಿ, ಹರಿಯುವ ನೀರನ್ನು ಅಳೆಯುವುದನ್ನು ಕಲಿಸಿತು. ಆ ದೇಶದಲ್ಲಿ ನದಿನೀರನ್ನು ಕ್ರಮವಾಗಿ ಅಳೆಯುವ ಕೆಲಸ ಅಲ್ಲಿಂದ ಬೆಳೆಯಿತು. ಆದರೆ ಭೂಮಿಯ ವ್ಯಾಪಾರಿಗಳಿಗೂ ಅವರ ಪರವಾದ ರಾಜಕಾರಣಿಗಳಿಗೂ ಈ ಅಳತೆ ಅಡ್ಡಿಯಾಗಿ ಕಂಡಿತು. 1890ರಲ್ಲಿ ಹಣ ನಿಂತಿತು.

1893ರ ಅಕ್ಟೋಬರಿನಲ್ಲಿ ಲಾಸ್ ಏಂಜಲೀಸಿನಲ್ಲಿ ನೀರಾವರಿ ಸಮ್ಮೇಳನ ನಡೆಯಿತು. ಮರುಭೂಮಿಯನ್ನೆಲ್ಲ ತೋಟ ಮಾಡುತ್ತೇವೆಂದು ಒಬ್ಬರಾದ ಮೇಲೊಬ್ಬರು ಭಾಷಣ ಮಾಡಿದ್ದರು. ಪೊವೆಲ್ ಎದ್ದು, ಇರುವ ನೆಲಕ್ಕೆ ಸಾಕಾಗುವಷ್ಟು ನೀರಿಲ್ಲ, ಹೀಗೇ ಹೋದರೆ ನೀರಿಗಾಗಿ ಜಗಳಗಳನ್ನು ಮಕ್ಕಳಿಗೆ ಬಿಟ್ಟುಹೋಗುತ್ತೀರಿ ಎಂದು ಹೇಳಿದನು. ಸಭೆ ಗದ್ದಲವೆಬ್ಬಿಸಿ ಅವನನ್ನು ಹಳಿಯಿತು. ಮರುವರ್ಷ ಅವನು ನಿರ್ದೇಶಕನ ಪದವಿ ಬಿಟ್ಟನು. 1902ರ ಸೆಪ್ಟೆಂಬರ್ 23ರಂದು ಮೇನ್ ಸಂಸ್ಥಾನದ ಹೇವನ್ ಎಂಬ ಊರಿನಲ್ಲಿ ತೀರಿಕೊಂಡನು.

ಹೊಳೆ ಒಪ್ಪಿದ ಮಾತು

1922ರಲ್ಲಿ ಕೊಲೊರಾಡೊ ನೀರನ್ನು ಏಳು ಸಂಸ್ಥಾನಗಳು ಹಂಚಿಕೊಂಡವು. ಲೆಕ್ಕಕ್ಕೆ ತೆಗೆದುಕೊಂಡದ್ದು ಹೆಚ್ಚಾಗಿ ನೀರು ಚೆನ್ನಾಗಿ ಹರಿದ ವರ್ಷಗಳನ್ನು. ಹೀಗಾಗಿ ನದಿಯಲ್ಲಿ ಇಲ್ಲದ ನೀರೂ ಕಾಗದದ ಮೇಲೆ ಪಾಲಾಯಿತು. 1963ರಲ್ಲಿ ಗ್ಲೆನ್ ಅಣೆಕಟ್ಟಿನ ಬಾಗಿಲು ಮುಚ್ಚಿದಾಗ, ಪೊವೆಲ್ ದೋಣಿ ನಡೆಸಿದ ಆ ಸುಂದರ ಕಮರಿ ಮುಳುಗಿ ದೊಡ್ಡ ಜಲಾಶಯವಾಯಿತು. ಅದಕ್ಕೆ ಪೊವೆಲನ ಹೆಸರನ್ನೇ ಇಟ್ಟರು. 2000ನೆಯ ಇಸವಿಯ ನಂತರದ ಬರಗಾಲದಲ್ಲಿ ಅದು ಇಳಿಯುತ್ತ ಹೋಗಿ, 2023ರ ಆರಂಭದಲ್ಲಿ ಮೊದಲ ಸಲ ತುಂಬಿದಂದಿನಿಂದ ಅಲ್ಲಿಯವರೆಗೆ ಎಂದೂ ಇಲ್ಲದಷ್ಟು ಕೆಳಮಟ್ಟ ಮುಟ್ಟಿತು. ಮುಳುಗಿದ್ದ ಕ್ಯಾಟರಾಕ್ಟ್ ಕಮರಿಯ ಕೆಲವು ಸೆಳವುಗಳು ಮತ್ತೆ ಹೊರಗೆ ಬಂದವು. ಸಭೆ ಒಪ್ಪದ ಮಾತನ್ನು ಹೊಳೆ ಒಪ್ಪಿತು.

ಪೊವೆಲನ ದಾರಿ ಇಂದು ದೋಣಿಯ ಆಟಗಾರರಿಗೆ ಅಚ್ಚುಮೆಚ್ಚು. ಒಬ್ಬರೇ ಕುಳಿತು, ಎರಡು ತುದಿಗೂ ಅಲಗಿರುವ ಹುಟ್ಟಿನಿಂದ ನಡೆಸುವ ಕಯಾಕ್ ಎಂಬ ಹಗುರ ದೋಣಿಯಲ್ಲಿ 1938ರ ಶರತ್ಕಾಲದಲ್ಲೇ ಫ್ರಾನ್ಸಿನ ಮೂವರು ಗ್ರೀನ್ ಮತ್ತು ಕೊಲೊರಾಡೊಗಳನ್ನು ಇಳಿದರು, ಅವರಲ್ಲೊಬ್ಬಳು ಹೆಣ್ಣುಮಗಳು. ಅವರೂ ಆರಿಸಿಕೊಂಡದ್ದು ತಂಪು ಕಾಲದ ತೆಳುನೀರನ್ನೇ. ಹೊಳೆ ಇಳಿದಾಗ ಅದರ ಎಲುಬು ಕಾಣುತ್ತದೆ. ಎಲುಬು ಕಂಡವನು ದಾರಿ ಆರಿಸಬಲ್ಲ.

ಮಕ್ಕಳೇ, ಪೊವೆಲನಿಗೆ ಪದವಿಯಿರಲಿಲ್ಲ, ಬಲಗೈಯಿರಲಿಲ್ಲ, ಕೊನೆಗೆ ಜನರ ಒಲವೂ ಇರಲಿಲ್ಲ. ಕಂಡದ್ದನ್ನು ಅಳೆಯುವ ಕಣ್ಣು, ಅಳೆದದ್ದನ್ನು ಹೇಳುವ ಧೈರ್ಯ ಇದ್ದವು. ನಮ್ಮ ಕೆರೆ, ಬಾವಿ, ಕೊಳವೆಬಾವಿಗಳಲ್ಲಿ ನೀರು ಎಷ್ಟಿದೆ, ಕಳೆದ ವರ್ಷ ಎಷ್ಟಿತ್ತು ಎಂದು ನಾವೂ ಬರೆದಿಟ್ಟು ನೋಡೋಣ. ತುಂಬಿದಾಗ ಬಾಗಿನ ಕೊಡುವ ನಾವು ಇಳಿದಾಗಲೂ ಒಮ್ಮೆ ದಡಕ್ಕೆ ಹೋಗಿ ನಿಲ್ಲೋಣ. ಹಿರಿಯರೂ ಮಕ್ಕಳ ಲೆಕ್ಕವನ್ನು ಕೇಳಿಸಿಕೊಳ್ಳಲಿ ಎಂಬುದು ನಮ್ಮ ವಿನಂತಿ.